ಮೀನು ಸತ್ತರೆ ದಾಯಾದಿ ಮೇಲೆ ಅನುಮಾನ. ರೋಗದ ಹೆಸರು ಹೇಳೋರು ಯಾರು?

ಹೋದ ಬೇಸಿಗೆಯ ಒಂದು ಬೆಳಿಗ್ಗೆ ನಮ್ಮ ತಾಲ್ಲೂಕಿನ ಹಳ್ಳಿಯೊಂದರಿಂದ ಫೋನ್ ಬಂತು. ‘ಹೊಂಡದಾಗೆ ಮೀನೆಲ್ಲ ತೇಲ್ತಾ ಅವೆ ಸಾರ್. ಬಂದು ಫೋಟೊ ತಗಂಡು ಪೇಪರಿಗೆ ಹಾಕಿ’ ಅಂದರು. ನಾವಿಬ್ಬರು ವರದಿಗಾರರು ಬೈಕ್ ಹತ್ತಿ ಹೋದೆವು.

ಕೃಷಿ ಹೊಂಡದ ಬದುವಿನ ಮೇಲೆ ಸತ್ತ ಮೀನು ಗುಡ್ಡೆ ಹಾಕಿದ್ದರು. ಸಾಯಲು ಶುರುವಾಗಿ ಅದು ನಾಲ್ಕನೇ ದಿನ. ಗುಡ್ಡೆಯಲ್ಲಿದ್ದಿದ್ದು ಬಹುಪಾಲು ತಿಲಾಪಿಯಾ, ಅಂದರೆ ನಮ್ಮ ಕಡೆ ಜಿಲೇಬಿ ಅನ್ನುವ ಮೀನು. ಕೆಲವಕ್ಕೆ ಮೈ ಕೆಂಪಾಗಿತ್ತು, ಕಣ್ಣು ಮಸುಕಾಗಿತ್ತು. ಅದೇ ನೀರಿನಲ್ಲಿದ್ದ ಕಾಟ್ಲಾ, ರೋಹು ಓಡಾಡಿಕೊಂಡಿದ್ದವು. ಹೊಂಡದ ಯಜಮಾನ ಬೆರಳು ತೋರಿಸಿದ್ದು ಮಾತ್ರ ಬದುವಿನಾಚೆಯ ದಾಯಾದಿಯ ಹೊಲದ ಕಡೆ. ‘ರಾತ್ರಿ ಬಂದು ಏನೋ ಸುರುದವ್ನೆ’ ಅಂತ. ಆಗಲೇ ಠಾಣೆಗೆ ದೂರು ಹೋಗಿತ್ತು.

ನಾವು ಬರೆದ ಸುದ್ದಿ ಹೀಗಿತ್ತು: ‘ಕೃಷಿ ಹೊಂಡಕ್ಕೆ ವಿಷ? ಮೀನುಗಳ ಮಾರಣಹೋಮ’. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇ ನಮ್ಮ ಎಚ್ಚರಿಕೆ. ಇವತ್ತಿಗೂ ಆ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಆಮೇಲೆ ನಿಧಾನವಾಗಿ ಯೋಚಿಸಿದಾಗ ನಮಗೇ ನಾಚಿಕೆಯಾಯಿತು. ವಿಷ ಬಿದ್ದರೆ ಸಾಮಾನ್ಯವಾಗಿ ಎಲ್ಲ ಜಾತಿಯ ಮೀನೂ ಕೆಲವೇ ಗಂಟೆಗಳಲ್ಲಿ ಒದ್ದಾಡುತ್ತವೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದ್ದರೆ ಕಾಟ್ಲಾ, ರೋಹು ಮೊದಲು ಸಾಯಬೇಕಿತ್ತು, ಏಕೆಂದರೆ ಜಿಲೇಬಿ ಮೀನು ಆಮ್ಲಜನಕದ ಕೊರತೆಯನ್ನು ಅವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಒಂದೇ ಜಾತಿ, ದಿನಕ್ಕಿಷ್ಟು ಅಂತ ಸಾಯುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ರೋಗವನ್ನು. ಆದರೆ ಯಾವ ರೋಗ? ಬ್ಯಾಕ್ಟೀರಿಯಾದಿಂದ ಬರುವ ಸ್ಟ್ರೆಪ್ಟೊಕಾಕಸ್ ರೋಗದಲ್ಲೂ ಜಿಲೇಬಿ ಮೀನಿನ ಕಣ್ಣು ಕೆಡುತ್ತದೆ, ವೈರಸ್‌ನಿಂದ ಬರುವ ತಿಲಾಪಿಯಾ ಲೇಕ್ ವೈರಸ್ ರೋಗದಲ್ಲೂ ಕೆಡುತ್ತದೆ. ಮೊದಲನೆಯದಕ್ಕೆ ಔಷಧ ಇದೆ. ಎರಡನೆಯದಕ್ಕೆ ಇಲ್ಲ. ಬರಿಗಣ್ಣಿಗೆ ಎರಡೂ ಒಂದೇ.

ಆ ರೈತ ಸುಮ್ಮನೆ ಕೂತವರಲ್ಲ. ಅಂಗಡಿಯವನು ಕೊಟ್ಟ ಆಂಟಿಬಯೋಟಿಕ್ ಪುಡಿಯನ್ನು ಮೇವಿಗೆ ಕಲಸಿ ಹಾಕಿದ್ದರು. ಎರಡು ಮೀನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಒಂದು ಕಚೇರಿಗೂ ಹೋಗಿದ್ದರು. ಅಲ್ಲಿ, ‘ಇದನ್ನ ಐಸ್‌ನಲ್ಲಿಟ್ಟು ಲ್ಯಾಬಿಗೆ ಕಳಿಸಬೇಕಪ್ಪ, ಇಷ್ಟೊತ್ತಿಗೆ ಕೊಳೆತು ಹೋಗೈತೆ, ಏನೂ ಗೊತ್ತಾಗಲ್ಲ’ ಅಂದರಂತೆ. ಹೇಳಿದ್ದು ಸುಳ್ಳಲ್ಲ. ಆದರೆ ಐಸ್ ಎಲ್ಲಿ ಸಿಗುತ್ತದೆ, ಯಾವ ಲ್ಯಾಬು, ಯಾರು ಒಯ್ಯಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ.

ಈ ಬರಹ ಅದರ ಬಗ್ಗೆಯೇ. ರೋಗಕ್ಕೆ ಹೆಸರು ಸಿಗದೆ ಹೋದರೆ ಆ ಜಾಗಕ್ಕೆ ಮನುಷ್ಯರ ಹೆಸರು ಬಂದು ಕೂರುತ್ತದೆ. ಮೀನಿನ ವೈರಸ್ ರೋಗಕ್ಕೆ ಹೆಸರು ಕಂಡುಹಿಡಿಯಲು ವಿಜ್ಞಾನಿಗಳ ಕೈಯಲ್ಲಿರುವ ಒಂದು ದೊಡ್ಡ ಸಾಧನ ‘ಸೆಲ್ ಲೈನ್’. ಹಾಗಂದರೇನು, ನಮ್ಮ ದೇಶದಲ್ಲಿ ಅದು ಎಷ್ಟಿದೆ, ನಮ್ಮ ಹೊಂಡಕ್ಕೂ ಅದಕ್ಕೂ ನಡುವೆ ದಾರಿ ಎಲ್ಲಿ ಕಡಿದಿದೆ ಅನ್ನುವುದನ್ನು ನಾವು ತಿಳಿದುಕೊಂಡಷ್ಟು ಹೇಳುತ್ತೇವೆ.

ವೈರಸ್ ಬೆಳೆಯಲು ಜೀವಂತ ಕೋಶ ಬೇಕು

ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಅಂಬಲಿಯಂಥ ಆಹಾರ ಹಾಕಿ ಬೆಳೆಸಬಹುದು. ವೈರಸ್ ಹಾಗಲ್ಲ. ಅದಕ್ಕೆ ಸ್ವಂತ ಒಲೆಯೂ ಇಲ್ಲ, ಪಾತ್ರೆಯೂ ಇಲ್ಲ. ಜೀವಂತ ಕೋಶದೊಳಗೆ ಹೊಕ್ಕು, ಆ ಕೋಶದ ಸಾಮಾನನ್ನೇ ಬಳಸಿಕೊಂಡು ತನ್ನ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ವೈರಸ್ಸನ್ನು ಹಿಡಿದು ನೋಡಬೇಕಾದರೆ ಒಂದೋ ಆರೋಗ್ಯವಾದ ಮೀನಿಗೆ ರೋಗ ಅಂಟಿಸಿ ಸಾಯಿಸಬೇಕು, ಇಲ್ಲವೇ ಮೀನಿನ ಜೀವಕೋಶಗಳನ್ನು ಮೀನಿನ ಹೊರಗೆ, ಬಾಟಲಿಯಲ್ಲಿ ಬದುಕಿಸಿಟ್ಟುಕೊಳ್ಳಬೇಕು. ಹೀಗೆ ಬಾಟಲಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತಾ ಹೋಗುವ ಜೀವಕೋಶಗಳ ತಳಿಗೆ ಸೆಲ್ ಲೈನ್ ಅನ್ನುತ್ತಾರೆ.

ಇದು ನಮಗೆ ದೂರದ ವಿಷಯ ಅನ್ನಿಸಬಹುದು. ಕೊರೊನಾ ಕಾಲದಲ್ಲಿ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದರೆ ನೀವೂ ಒಂದು ಸೆಲ್ ಲೈನ್‌ನ ಋಣದಲ್ಲಿದ್ದೀರಿ. ಆ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸಿದ್ದು ‘ವೀರೋ’ ಅನ್ನುವ ಕೋಶಗಳಲ್ಲಿ. ಅವು 1962ರಲ್ಲಿ ಜಪಾನಿನಲ್ಲಿ ಕೋತಿಯ ಮೂತ್ರಪಿಂಡದಿಂದ ತೆಗೆದು ಬೆಳೆಸಿದ ಕೋಶಗಳ ಸಂತಾನ. ಅದೇ 1962ರಲ್ಲಿ ಅಮೆರಿಕದ ಕೆನ್ ವುಲ್ಫ್ ಮತ್ತು ಕ್ವಿಂಬಿ ಅನ್ನುವ ಇಬ್ಬರು ರೇನ್‌ಬೋ ಟ್ರೌಟ್ ಮೀನಿನ ಜನನಾಂಗದ ಕೋಶಗಳಿಂದ ಮೀನಿನ ಮೊದಲ ಸೆಲ್ ಲೈನ್ ಮಾಡಿದರು. ಅದರ ಹೆಸರು ಆರ್‌ಟಿಜಿ-2. ಅರವತ್ತು ವರ್ಷ ದಾಟಿದರೂ ಆ ತಳಿ ಇನ್ನೂ ಲ್ಯಾಬುಗಳಲ್ಲಿ ಬದುಕಿದೆ.

ಹೆಪ್ಪು ಉಳಿಸಿಕೊಂಡ ಹಾಗೆ

ಮಾಡುವ ಕೆಲಸ ಕೇಳಲು ಸರಳ. ಮೀನಿನ ರೆಕ್ಕೆಯಿಂದಲೋ ಹೃದಯದಿಂದಲೋ ಮೂತ್ರಪಿಂಡದಿಂದಲೋ ಒಂದು ಚೂರು ತೆಗೆಯುತ್ತಾರೆ. ರೆಕ್ಕೆಯ ಚೂರಾದರೆ ಮೀನನ್ನು ಕೊಲ್ಲುವ ಅಗತ್ಯವೂ ಇಲ್ಲ, ಅದು ಮತ್ತೆ ಬೆಳೆಯುತ್ತದೆ. ಚೂರನ್ನು ಚೆನ್ನಾಗಿ ತೊಳೆದು, ರಾಗಿ ಕಾಳಿನಷ್ಟು ಸಣ್ಣಗೆ ಕತ್ತರಿಸಿ, ಚಪ್ಪಟೆ ಬಾಟಲಿಯ ತಳಕ್ಕೆ ಅಂಟಿಸಿ, ಉಪ್ಪು, ಸಕ್ಕರೆ, ಅಮೈನೋ ಆಮ್ಲ ಇರುವ ಪೋಷಕ ದ್ರಾವಣ ಹಾಕುತ್ತಾರೆ. ಅದಕ್ಕೆ ಕರುವಿನ ಭ್ರೂಣದ ರಕ್ತದ ಸೀರಂ ಕೂಡ ಬೆರೆಸಬೇಕು. ಅದೇ ದುಬಾರಿ ಸಾಮಾನು. ನಮ್ಮ ಬಿಸಿಲು ನಾಡಿನ ಮೀನಾದರೆ ಸುಮಾರು 28 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಕೆಲವು ದಿನಗಳಲ್ಲಿ ಚೂರಿನ ಅಂಚಿನಿಂದ ಕೋಶಗಳು ಹೊರಗೆ ಹರಿದು ಬಾಟಲಿಯ ತಳವನ್ನೆಲ್ಲ ಹಾಸಿದಂತೆ ತುಂಬುತ್ತವೆ.

ತುಂಬಿದ ಮೇಲೆ ಅವನ್ನು ಬಿಡಿಸಿ ಅರ್ಧವನ್ನು ಹೊಸ ಬಾಟಲಿಗೆ ಹಾಕಬೇಕು. ಅದು ತುಂಬಿದರೆ ಮತ್ತೊಂದಕ್ಕೆ. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರಬಹುದು. ಇಲ್ಲಿ ಒಂದು ಬಾಟಲಿಗೆ ಬೂಸ್ಟು ಬಿದ್ದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ನೀರುಪಾಲು. ಎಷ್ಟೋ ಸಲ ಕೋಶಗಳು ಹತ್ತು ಹದಿನೈದು ಸಲ ಹಂಚಿಕೊಂಡು ಸುಸ್ತಾಗಿ ನಿಂತೇ ಹೋಗುತ್ತವೆ. ಹತ್ತಾರು ತಲೆಮಾರು ದಾಟಿ ನಿಂತರೆ ಮಾತ್ರ ಅದಕ್ಕೆ ಸೆಲ್ ಲೈನ್ ಅನ್ನುವ ಮರ್ಯಾದೆ. ಆಮೇಲೆ ಅದನ್ನು ದ್ರವ ನೈಟ್ರೋಜನ್ನಿನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಕಾಪಿಡುತ್ತಾರೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬರುವವರ ಹತ್ತಿರ ಹೊಗೆಯಾಡುವ ಕ್ಯಾನ್ ನೋಡಿದ್ದೀರಲ್ಲ, ಅದೇ ನೈಟ್ರೋಜನ್.

ಇಂಥ ಬಾಟಲಿಗೆ ರೋಗದ ಮೀನಿನ ಅಂಗಾಂಶವನ್ನು ಅರೆದು, ಸೋಸಿ ಹಾಕುತ್ತಾರೆ. ಸೋಸುವಾಗ ಬ್ಯಾಕ್ಟೀರಿಯಾ ಆಚೆ ಉಳಿಯುತ್ತದೆ, ವೈರಸ್ ದಾಟುತ್ತದೆ. ಆಮೇಲೆ ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೆನ್ನಾಗಿ ಹಾಸಿಕೊಂಡಿದ್ದ ಕೋಶಗಳು ಉಂಡೆ ಕಟ್ಟಿ, ಗುಳ್ಳೆ ಎದ್ದು, ಕಿತ್ತುಬರಲು ಶುರುವಾದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ಇದಕ್ಕೆ ವಾರ, ಹದಿನೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು.

ಪಿಸಿಆರ್ ಇದೆಯಲ್ಲ, ಇದ್ಯಾಕೆ?

ಕೊರೊನಾ ಬಂದ ಮೇಲೆ ಪಿಸಿಆರ್ ಪರೀಕ್ಷೆ ಎಲ್ಲರಿಗೂ ಗೊತ್ತು. ಮೀನಿಗೂ ಪಿಸಿಆರ್ ಇದೆ, ಒಂದೇ ದಿನದಲ್ಲಿ ಉತ್ತರ ಬರುತ್ತದೆ. ಹಾಗಿದ್ದ ಮೇಲೆ ಹದಿನೈದು ದಿನದ ಬಾಟಲಿ ಯಾಕೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ.

ಪಿಸಿಆರ್ ಅನ್ನುವುದು ಕೈಯಲ್ಲಿ ಫೋಟೊ ಹಿಡಿದು ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿದ ಹಾಗೆ. ಫೋಟೊದಲ್ಲಿರುವವನು ಬಂದಿದ್ದರೆ ಸಿಗುತ್ತಾನೆ. ಫೋಟೊ ಇಲ್ಲದ ಹೊಸ ಕಳ್ಳ ಪಕ್ಕದಲ್ಲೇ ನಿಂತಿದ್ದರೂ ಗೊತ್ತಾಗುವುದಿಲ್ಲ. ಸೆಲ್ ಲೈನ್ ಹಾಗಲ್ಲ. ಯಾರೇ ಬಂದು ಮನೆ ಮುರಿದರೂ ಮುರಿದ ಮನೆ ಕಣ್ಣಿಗೆ ಕಾಣುತ್ತದೆ. ಆಮೇಲೆ ಅಲ್ಲಿ ಬೆಳೆದ ವೈರಸ್ಸನ್ನು ತೆಗೆದು ಅವನ ಫೋಟೊ ತೆಗೆಯಬಹುದು, ಆ ಫೋಟೊದಿಂದ ಪಿಸಿಆರ್ ಪರೀಕ್ಷೆ ಮಾಡಬಹುದು, ಲಸಿಕೆಯ ಕೆಲಸ ಶುರು ಮಾಡಬಹುದು. ಇನ್ನೊಂದು ಮಾತು: ಪಿಸಿಆರ್‌ಗೆ ಸತ್ತ ವೈರಸ್ಸಿನ ಚೂರು ಸಿಕ್ಕರೂ ಸಾಕು. ವೈರಸ್ ಜೀವಂತ ಇದೆಯೇ, ಇನ್ನೊಂದು ಮೀನಿಗೆ ಅಂಟುವ ಶಕ್ತಿ ಅದಕ್ಕಿದೆಯೇ ಅನ್ನುವುದನ್ನು ಹೇಳಲು ಜೀವಂತ ಕೋಶವೇ ಬೇಕು.

ತಿಲಾಪಿಯಾ ಲೇಕ್ ವೈರಸ್ ಕಥೆಯೇ ಇದಕ್ಕೆ ಸಾಕ್ಷಿ. ಇಸ್ರೇಲ್ ದೇಶದ ಗಲಿಲಿ ಸರೋವರದಲ್ಲಿ ಮತ್ತು ಅಲ್ಲಿನ ಮೀನು ಕೊಳಗಳಲ್ಲಿ 2009ರ ಸುಮಾರಿಗೆ ತಿಲಾಪಿಯಾ ಸಾಯತೊಡಗಿದವು. ಗೊತ್ತಿದ್ದ ಯಾವ ರೋಗಕ್ಕೂ ಅದು ಹೊಂದಲಿಲ್ಲ. ಕೊನೆಗೆ ಅಲ್ಲಿನ ವಿಜ್ಞಾನಿಗಳು ಇ-11 ಅನ್ನುವ ಸೆಲ್ ಲೈನ್‌ನಲ್ಲಿ ವೈರಸ್ಸನ್ನು ಬೆಳೆಸಿ, ಇದು ಹೊಸದು ಅಂತ 2014ರಲ್ಲಿ ಪ್ರಕಟಿಸಿದರು. ಆ ಇ-11 ಬಂದದ್ದು ಎಲ್ಲಿಂದ? ನಮ್ಮ ಕೆರೆಗಳಲ್ಲೂ ಇರುವ ಹಾವುತಲೆ ಮೀನು, ಅಂದರೆ ಮುರೆಲ್ ಜಾತಿಯ ಮರಿಗಳ ಕೋಶದಿಂದ ಮಾಡಿದ್ದ ಎಸ್‌ಎಸ್‌ಎನ್-1 ಅನ್ನುವ ಹಳೆಯ ತಳಿಯಿಂದ. ಆ ಹಳೆಯ ತಳಿಯಲ್ಲೇ 1996ರಲ್ಲಿ ಸಮುದ್ರದ ಮೀನುಮರಿಗಳ ನರ ತಿನ್ನುವ ನೋಡಾ ವೈರಸ್ಸನ್ನು ಮೊದಲ ಬಾರಿಗೆ ಬೆಳೆಸಿದ್ದರು. ಯಾರೋ ಯಾವತ್ತೋ ಬೆಳೆಸಿಟ್ಟ ಕೋಶ, ಇನ್ಯಾವುದೋ ದೇಶದ ಇನ್ಯಾವುದೋ ಮೀನಿನ ರೋಗಕ್ಕೆ ಹೆಸರು ಕೊಟ್ಟಿತು. ಹೆಸರು ಸಿಕ್ಕ ಮೇಲೆ ಪಿಸಿಆರ್ ಪರೀಕ್ಷೆ ಬಂತು, 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಟ್ಟಿತು. ಪಶ್ಚಿಮ ಬಂಗಾಳ ಮತ್ತು ಕೇರಳದ ಕೊಳಗಳಲ್ಲಿ ಈ ವೈರಸ್ ಇರುವುದು 2018ರಲ್ಲಿ ಪ್ರಕಟವಾಯಿತು. ಅಂದ ಹಾಗೆ, ಈ ವೈರಸ್ ಮನುಷ್ಯರಿಗೆ ತಗಲುವುದಿಲ್ಲ. ಮೀನು ತಿನ್ನಲು ಹೆದರಬೇಕಿಲ್ಲ.

ನಮ್ಮ ಮೀನಿಗೆ ನಮ್ಮದೇ ಕೋಶ

ಹಾಗಾದರೆ ಅಮೆರಿಕದ ಟ್ರೌಟ್ ಮೀನಿನ ಕೋಶವನ್ನೇ ತರಿಸಿಕೊಂಡರೆ ಆಗದೇ? ಆಗುವುದಿಲ್ಲ. ಟ್ರೌಟ್ ತಣ್ಣೀರಿನ ಮೀನು, ಅದರ ಕೋಶ 20 ಡಿಗ್ರಿ ಆಸುಪಾಸಿನಲ್ಲಿ ಬದುಕುವಂಥದ್ದು. ನಮ್ಮ ಕೆರೆಯ ವೈರಸ್‌ಗೆ ಅದು ಒಗ್ಗದಿರಬಹುದು. ಅಷ್ಟೇ ಅಲ್ಲ, ಎಷ್ಟೋ ವೈರಸ್ ತನ್ನ ಜಾತಿಯ ಮೀನಿನ ಕೋಶವನ್ನು ಬಿಟ್ಟು ಬೇರೆಯದರಲ್ಲಿ ಬೆಳೆಯುವುದೇ ಇಲ್ಲ. ಗೋಲ್ಡ್‌ಫಿಶ್‌ಗೆ ಬರುವ ಒಂದು ಹರ್ಪಿಸ್ ವೈರಸ್ ಹಾಗೇ ಸತಾಯಿಸಿತು. ಇದ್ದ ಸೆಲ್ ಲೈನ್‌ಗಳಲ್ಲಿ ಅದನ್ನು ನಿಲ್ಲಿಸಿ ಬೆಳೆಸುವುದು ಕಷ್ಟವಾಗಿತ್ತು. ಆಗ ರಾಷ್ಟ್ರೀಯ ಮೀನು ಅನುವಂಶಿಕ ಸಂಪನ್ಮೂಲ ಬ್ಯೂರೊದ ವಿಜ್ಞಾನಿಗಳು ಗೋಲ್ಡ್‌ಫಿಶ್‌ನದ್ದೇ ರೆಕ್ಕೆಯ ಕೋಶದಿಂದ ಹೊಸ ಸೆಲ್ ಲೈನ್ ಮಾಡಿ, ಅದರಲ್ಲಿ ವೈರಸ್ ಬೆಳೆಸಿ 2020ರಲ್ಲಿ ಪ್ರಕಟಿಸಿದರು. ಅಕ್ವೇರಿಯಂ ಮೀನು ಸಾಕಿ ಮಾರುವ ಕುಟುಂಬಗಳಿಗೆ ಇದು ಆಟದ ವಿಷಯವಲ್ಲ.

ಆ ಬ್ಯೂರೊ ಇರುವುದು ಲಖನೌದಲ್ಲಿ. ದೇಶದ ಮೀನು ಸೆಲ್ ಲೈನ್‌ಗಳ ರಾಷ್ಟ್ರೀಯ ಭಂಡಾರವೂ ಅಲ್ಲೇ ಇದೆ. ರೋಹು, ಕಾಟ್ಲಾ ಸೇರಿ ಬೇರೆ ಬೇರೆ ಮೀನುಗಳ 50ಕ್ಕೂ ಹೆಚ್ಚು ಸೆಲ್ ಲೈನ್‌ಗಳನ್ನು ಅಲ್ಲಿ ಕಾಪಿಟ್ಟು, ಬೇಕಾದ ಸಂಶೋಧಕರಿಗೆ ಕೊಡುತ್ತಾರೆ. ಇಂಥ ಭಂಡಾರ ಯಾಕೆ ಬೇಕು ಅನ್ನುವುದಕ್ಕೆ ಒಂದು ಪಾಠ ಇದೆ. ಇಪಿಸಿ ಅನ್ನುವ ಹೆಸರಾಂತ ಸೆಲ್ ಲೈನನ್ನು ದಶಕಗಳ ಕಾಲ ಜಗತ್ತಿನ ಲ್ಯಾಬುಗಳೆಲ್ಲ ಗೆಂಡೆ ಮೀನಿನದ್ದೆಂದೇ ನಂಬಿ ಬಳಸಿದವು. 2010ರಲ್ಲಿ ಪರೀಕ್ಷೆ ಮಾಡಿ ನೋಡಿದರೆ ಅದು ಫ್ಯಾಟ್‌ಹೆಡ್ ಮಿನ್ನೊ ಅನ್ನುವ ಅಮೆರಿಕದ ಸಣ್ಣ ಮೀನಿನ ಕೋಶ. ಎಲ್ಲೋ ಒಂದು ಬಾಟಲಿ ಇನ್ನೊಂದರೊಳಗೆ ಬೆರೆತಿತ್ತು. ಬಿತ್ತನೆ ಬೀಜಕ್ಕೆ ಪ್ರಮಾಣೀಕರಣ ಬೇಕಾದಂತೆ ಇದಕ್ಕೂ ಬೇಕು.

ನಮಗೆ ತುಂಬ ಖುಷಿ ಕೊಟ್ಟ ಸಂಗತಿ ಇನ್ನೊಂದಿದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ವೆಲ್ಲೂರು ದಾಟಿದರೆ ಮೇಲ್ವಿಶಾರಂ ಅನ್ನುವ ಸಣ್ಣ ಪಟ್ಟಣ ಸಿಗುತ್ತದೆ. ಅಲ್ಲಿನ ಸಿ. ಅಬ್ದುಲ್ ಹಕೀಂ ಕಾಲೇಜಿನ ಪ್ರೊ. ಎ.ಎಸ್. ಸಾಹುಲ್ ಹಮೀದ್ ಮತ್ತು ಅವರ ತಂಡ 2006ರಲ್ಲಿ ಸೀಬಾಸ್ ಮೀನಿನ ಮೂತ್ರಪಿಂಡದಿಂದ ಭಾರತದ ಮೊದಲ ಕಡಲ ಮೀನು ಸೆಲ್ ಲೈನ್ ಮಾಡಿತು. ದೆಹಲಿಯಲ್ಲ, ಹೈದರಾಬಾದ್ ಅಲ್ಲ, ಒಂದು ಸಣ್ಣ ಪಟ್ಟಣದ ಕಾಲೇಜು. ‘ಇದೆಲ್ಲ ದೊಡ್ಡ ಊರಿನ ಕೆಲಸ, ನಮ್ಮ ಜಿಲ್ಲೆಯಲ್ಲಿ ಎಲ್ಲಿ ಆಗುತ್ತೆ’ ಅನ್ನುವವರು ಇದನ್ನು ನೆನಪಿಡಬೇಕು.

ಸೀಗಡಿಯವರ ಪಾಡು

ಕುಮಟಾ, ಅಂಕೋಲಾ, ಕುಂದಾಪುರ ಕಡೆಯ ಸೀಗಡಿ ಸಾಕಣೆದಾರರಿಗೆ ಬಿಳಿಚುಕ್ಕೆ ರೋಗ ಅಂದರೆ ಏನೆಂದು ಹೇಳಬೇಕಿಲ್ಲ. 1990ರ ದಶಕದ ನಡುವಿನಲ್ಲಿ ದೇಶಕ್ಕೆ ಬಂದ ಈ ವೈರಸ್, ಕೊಳಕ್ಕೆ ಹೊಕ್ಕರೆ ಮೂರರಿಂದ ಹತ್ತು ದಿನದೊಳಗೆ ಇಡೀ ಫಸಲನ್ನು ಮುಗಿಸಬಲ್ಲದು. ಪಶ್ಚಿಮ ಕರಾವಳಿಯ ಈ ರೋಗದ ಬಗ್ಗೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು 1997ರಲ್ಲೇ ಪ್ರಬಂಧ ಬರೆದಿದ್ದರು. 1969ರಲ್ಲಿ ಶುರುವಾದ ಆ ಕಾಲೇಜು ದೇಶದ ಮೊದಲ ಮೀನುಗಾರಿಕೆ ಕಾಲೇಜು ಅನ್ನುವುದು ನಮ್ಮ ಹೆಮ್ಮೆ.

ಆದರೆ ಸೀಗಡಿಗೆ ಒಂದು ದೊಡ್ಡ ಕೊರತೆ ಉಳಿದಿದೆ. ಮೀನಿಗೆ ನೂರಾರು ಸೆಲ್ ಲೈನ್‌ಗಳಿವೆ. 2011ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಎಣಿಸಿದಾಗ ಜಗತ್ತಿನಲ್ಲಿ 283 ಇದ್ದವು. ಸೀಗಡಿಗೆ ಮಾತ್ರ ಸುಮಾರು ನಾಲ್ಕು ದಶಕ ಪ್ರಯತ್ನಪಟ್ಟರೂ, ಯಾರು ಬೇಕಾದರೂ ತರಿಸಿಕೊಂಡು ಬಳಸಬಹುದಾದ, ಎಲ್ಲರೂ ಒಪ್ಪಿದ ಸೆಲ್ ಲೈನ್ ಕೈಗೆ ಸಿಕ್ಕಿಲ್ಲ. ಸೀಗಡಿಯ ಕೋಶ ಬಾಟಲಿಯಲ್ಲಿ ಕೆಲವು ದಿನ, ಕೆಲವು ವಾರ ಬದುಕಿ ಸುಮ್ಮನಾಗುತ್ತದೆ. ಸಿಹಿನೀರಿನ ಸೀಗಡಿಗೆ ಬರುವ ಬಿಳಿಬಾಲದ ರೋಗದ ವೈರಸ್ಸನ್ನು ಬೆಳೆಸಲು ಮೇಲ್ವಿಶಾರಂ ತಂಡ ಸೊಳ್ಳೆಯ ಸೆಲ್ ಲೈನ್ ಮೊರೆ ಹೋಗಬೇಕಾಯಿತು ಅಂದರೆ ಕಷ್ಟ ಅರ್ಥವಾದೀತು. ಇಂಥ ಕಡೆ ಮೂರು ವರ್ಷದ ಪ್ರಾಜೆಕ್ಟ್ ಕೊಟ್ಟು, ಫಲ ಬರಲಿಲ್ಲ ಅಂತ ಕೈತೊಳೆದುಕೊಂಡರೆ ಆಗದು. ತೆಂಗಿನ ಸಸಿ ನೆಟ್ಟವನು ಮರುವರ್ಷ ಕಾಯಿ ಕೇಳುವುದಿಲ್ಲ.

ಎದುರು ಮಾತೂ ಇದೆ

‘ಲ್ಯಾಬಿಗೆ ಸುರಿಯೋ ದುಡ್ಡನ್ನ ಮೀನು ಸತ್ತ ರೈತನಿಗೆ ಪರಿಹಾರ ಅಂತ ಕೊಡಿ’ ಅನ್ನುವವರಿದ್ದಾರೆ. ಪರಿಹಾರ ಬೇಕು, ಬೇಡ ಅನ್ನುವವರು ನಾವಲ್ಲ. ಆದರೆ ಪರಿಹಾರ ಕೊಡಲು, ವಿಮೆ ಕೊಡಲು ಮೊದಲು ಕೇಳುವ ಪ್ರಶ್ನೆಯೇ ‘ಯಾಕೆ ಸತ್ತಿತು’ ಅನ್ನುವುದು. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹೊಸ ಮತ್ಸ್ಯ ಯೋಜನೆಯಲ್ಲಿ ಮೀನು ಕೃಷಿ ವಿಮೆಗೆ ಉತ್ತೇಜನ ಇದೆ. ಸಾವಿನ ಕಾರಣ ಬರೆದುಕೊಡುವವರು ಇಲ್ಲದಿದ್ದರೆ ಆ ವಿಮೆ ರೈತನ ಕೈಗೆ ಬರುವುದು ಹೇಗೆ?

‘ಸೆಲ್ ಲೈನ್ ಎಲ್ಲದಕ್ಕೂ ಉತ್ತರ ಅಲ್ಲ’ ಅನ್ನುವವರ ಮಾತನ್ನು ನಾವು ಒಪ್ಪುತ್ತೇವೆ. 1988ರಲ್ಲಿ ಈಶಾನ್ಯದಿಂದ ದೇಶದೊಳಗೆ ಬಂದು, ಕೆರೆಗಳ ಮೀನಿಗೆಲ್ಲ ಹುಣ್ಣು ತಂದ ರೋಗ ಹಿರಿಯರಿಗೆ ನೆನಪಿರಬಹುದು. ಮೊದಲಿಗೆ ಅದಕ್ಕೆ ವೈರಸ್ ಕಾರಣ ಅಂತ ಅನುಮಾನ ಇತ್ತು, ಏಷ್ಯಾದಲ್ಲಿ ಕೆಲವು ಮೀನುಗಳಲ್ಲಿ ವೈರಸ್ ಸಿಕ್ಕಿತ್ತು ಕೂಡ. ಕೊನೆಗೆ ನಿಜವಾದ ಅಪರಾಧಿ ಶಿಲೀಂಧ್ರದಂಥ ಇನ್ನೊಂದು ಜೀವಿ ಅಂತ ಗೊತ್ತಾಯಿತು. ಬಾಟಲಿಯಲ್ಲಿ ವೈರಸ್ ಸಿಕ್ಕಿದ ಮಾತ್ರಕ್ಕೆ ಅದೇ ಕೊಂದಿತು ಅನ್ನಲಾಗದು. ಬ್ಯಾಕ್ಟೀರಿಯಾ, ಶಿಲೀಂಧ್ರ, ಮೀನು ಹೇನು, ನೀರಿನ ಗುಣ ಎಲ್ಲವನ್ನೂ ಜೊತೆಗೆ ನೋಡಬೇಕು. ಹಾಗಂತ ನೋಡದೇ ಇರುವುದು ಸರಿಯಾಗುವುದಿಲ್ಲ. ನೋಡದೆ ಇರುವುದರ ಲಾಭ ಯಾರಿಗೆ ಅಂದರೆ ಔಷಧ ಅಂಗಡಿಗೆ. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ. ರೈತನ ದುಡ್ಡೂ ಹೋಯಿತು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವೂ ನೀರಿನಲ್ಲಿ ಹುಟ್ಟಿತು.

ದಾರಿ ಕಡಿದಿರುವುದು ಇಲ್ಲಿ

ಭಾರತ ಸಾಕಣೆ ಮೀನಿನಲ್ಲಿ ಚೀನಾ ಬಿಟ್ಟರೆ ಜಗತ್ತಿನಲ್ಲೇ ಎರಡನೆಯದು. 2022-23ರಲ್ಲಿ ದೇಶದ ಒಟ್ಟು ಮೀನು ಉತ್ಪಾದನೆ 175 ಲಕ್ಷ ಟನ್ ದಾಟಿತು. ಲಖನೌದಲ್ಲಿ ಕೋಶಗಳಿವೆ, ಮೇಲ್ವಿಶಾರಂನಲ್ಲಿ ಕೈಗಳಿವೆ, ಮಂಗಳೂರಿನಲ್ಲಿ ಕಾಲೇಜಿದೆ. 2013ರಿಂದ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮವೂ ನಡೆಯುತ್ತಿದೆ. ಇಷ್ಟೆಲ್ಲ ಇದ್ದೂ ನಮ್ಮ ಹೊಂಡದ ಮೀನು ಪ್ಲಾಸ್ಟಿಕ್ ಕವರಿನಲ್ಲಿ ಕೊಳೆಯಿತು.

ಸೆಲ್ ಲೈನ್ ಪರೀಕ್ಷೆಗೆ ಸತ್ತು ಕೊಳೆತ ಮೀನು ಬೇಡ. ಸಾಯುವ ಸ್ಥಿತಿಯಲ್ಲಿರುವ, ಇನ್ನೂ ಕಿವಿರು ಆಡಿಸುತ್ತಿರುವ ಮೀನು ಬೇಕು. ಅದನ್ನು ಐಸ್ ಮೇಲೆ ಇಟ್ಟು ಬೇಗ ತಲುಪಿಸಬೇಕು. ಸ್ಪಿರಿಟ್‌ನಲ್ಲಿ ಹಾಕಿದರೆ ಪಿಸಿಆರ್‌ಗೆ ಆಗುತ್ತದೆ, ಆದರೆ ಅದರೊಳಗಿನ ವೈರಸ್ ಸತ್ತು ಸೆಲ್ ಲೈನ್‌ಗೆ ಉಪಯೋಗವಿಲ್ಲದಂತಾಗುತ್ತದೆ. ಅಂದರೆ ಇಡೀ ವಿಜ್ಞಾನ ನಿಂತಿರುವುದು ಮೊದಲ ಕೆಲವು ಗಂಟೆಗಳ ಮೇಲೆ. ಆ ಗಂಟೆಗಳು ಇರುವುದು ಹಳ್ಳಿಯಲ್ಲಿ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡ ಕಟ್ಟಡದ್ದಲ್ಲ.

ಮೊದಲನೆಯದು, ಮೀನು ಸಾಕಣೆ ಇರುವ ಪ್ರತಿ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಒಂದು ಐಸ್ ಪೆಟ್ಟಿಗೆ, ಮಾದರಿ ತೆಗೆಯುವ ಸಾಮಾನು, ಆ ಕೆಲಸ ಕಲಿತ ಒಬ್ಬರು ಇರಲಿ. ಬೆಳಗಾದರೆ ಹಳ್ಳಿ ಹಳ್ಳಿಯ ಹಾಲನ್ನು ಕೆಡದಂತೆ ತಣ್ಣಗೆ ಒಯ್ಯುವ ನಾಡು ನಮ್ಮದು. ಐದು ಮೀನನ್ನು ತಣ್ಣಗೆ ಒಯ್ಯುವುದು ಆಗದ ಮಾತೇ?

ಎರಡನೆಯದು, ಒಳನಾಡಿನ ಜಿಲ್ಲೆಗಳಿಗೆ ಒಂದೇ ದಿನದಲ್ಲಿ ತಲುಪುವಷ್ಟು ಹತ್ತಿರ, ರೋಹು, ಕಾಟ್ಲಾ, ತಿಲಾಪಿಯಾ ಕೋಶಗಳನ್ನು ಸದಾ ಬೆಳೆಸಿಟ್ಟುಕೊಂಡು ರೈತರ ಮಾದರಿ ತೆಗೆದುಕೊಳ್ಳುವ ಲ್ಯಾಬ್ ಇರಲಿ. ನೈಟ್ರೋಜನ್ ತುಂಬಿಸಲು, ಸೀರಂ ತರಿಸಲು ವರ್ಷವರ್ಷವೂ ತಪ್ಪದೆ ಹಣ ಬರಲಿ. ಕ್ಯಾನ್ ಒಂದು ಸಲ ಒಣಗಿದರೆ ತಳಿಯೇ ಹೋಯಿತು.

ಮೂರನೆಯದು, ಉತ್ತರ ರೈತನಿಗೆ ಮರಳಿ ಬರಲಿ. ಕನ್ನಡದಲ್ಲಿ, ಫೋನಿಗೆ, ಇಂತಿಷ್ಟು ದಿನದೊಳಗೆ. ‘ವೈರಸ್ ಸಿಗಲಿಲ್ಲ’ ಅನ್ನುವುದೂ ಒಂದು ಉತ್ತರವೇ.

ಅಲ್ಲಿಯ ತನಕ ನಾವೇನು ಮಾಡಬಹುದು

ಮೀನು ಸಾಯಲು ಶುರುವಾದರೆ ಯಾವ ಜಾತಿ, ಯಾವ ಗಾತ್ರ, ದಿನಕ್ಕೆ ಎಷ್ಟು, ಹೊಸ ಮರಿ ಬಿಟ್ಟು ಎಷ್ಟು ದಿನ ಆಯಿತು ಅನ್ನುವುದನ್ನು ಬರೆದಿಡಿ. ಬೆಳಗಿನ ಜಾವ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಮ್ಲಜನಕದ ತೊಂದರೆ, ತಕ್ಷಣ ಹೊಸ ನೀರು ಬಿಡಿ, ಮೇವು ನಿಲ್ಲಿಸಿ. ಒಂದೇ ಜಾತಿ ಸಾಯುತ್ತಿದ್ದರೆ ಆ ನೀರನ್ನು ಕಾಲುವೆಗೆ ಬಿಡಬೇಡಿ, ಬಲೆ, ಬಕೆಟ್ಟು ಇನ್ನೊಬ್ಬರ ಹೊಂಡಕ್ಕೆ ಕೊಡಬೇಡಿ, ಸತ್ತದ್ದನ್ನು ಸುಣ್ಣ ಹಾಕಿ ಹೂಳಿ. ಸಾಯುತ್ತಿರುವ ನಾಲ್ಕೈದು ಮೀನನ್ನು ಕವರಿನಲ್ಲಿ ಕಟ್ಟಿ ಐಸ್ ಮೇಲಿಟ್ಟು ಅವತ್ತೇ ಮೀನುಗಾರಿಕೆ ಕಚೇರಿಗೆ ಫೋನ್ ಮಾಡಿ. ‘ರಿಪೋರ್ಟ್ ಫಿಶ್ ಡಿಸೀಸ್’ ಅನ್ನುವ ಸರ್ಕಾರಿ ಆ್ಯಪ್ 2023ರ ಜೂನ್‌ನಿಂದ ಇದೆ. ಅದರಲ್ಲಿ ಫೋಟೊ ಸಮೇತ ದೂರು ಹಾಕಿದರೆ ಅಧಿಕಾರಿಗಳಿಗೂ ವಿಜ್ಞಾನಿಗಳಿಗೂ ಸುದ್ದಿ ಮುಟ್ಟುತ್ತದೆ, ಅದಕ್ಕೊಂದು ದಾಖಲೆಯೂ ಉಳಿಯುತ್ತದೆ. ನಿಮ್ಮ ದೂರು ದಾಖಲೆಯಾಗದಿದ್ದರೆ ‘ನಿಮ್ಮ ತಾಲ್ಲೂಕಿನಲ್ಲಿ ಮೀನು ರೋಗವೇ ಇಲ್ಲ’ ಅಂತ ಕಾಗದ ಹೇಳುತ್ತದೆ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ಮೀನು ತೇಲಿದ ಫೋನ್ ಬಂದಾಗ ನಾವು ಕ್ಯಾಮೆರಾ ಜೊತೆಗೆ ಥರ್ಮಾಕೋಲ್ ಡಬ್ಬಿಯಲ್ಲಿ ಐಸನ್ನೂ ಒಯ್ಯುತ್ತೇವೆ. ಮಾದರಿ ಹೋಯಿತೇ, ಉತ್ತರ ಬಂತೇ ಅಂತ ಎರಡನೇ ಸುದ್ದಿಯನ್ನೂ ಬರೆಯುತ್ತೇವೆ. ಉತ್ತರ ಬರುವ ತನಕ ‘ವಿಷ’ ಅನ್ನುವ ಪದವನ್ನು ತಲೆಬರಹದಲ್ಲಿ ಹಾಕುವುದಿಲ್ಲ.

ಆ ಎರಡು ಮನೆಯವರ ನಡುವೆ ಈಗ ಬದುವಿನ ಮೇಲೆ ಮುಳ್ಳುತಂತಿ ಬಿದ್ದಿದೆ. ಆ ಮೀನು ಯಾಕೆ ಸತ್ತವು ಅನ್ನುವುದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಸಾಕ್ಷಿ ಕವರಿನಲ್ಲೇ ಕೊಳೆತು ಹೋಯಿತು.